ಅಳಿವೆಯ ಕುರಡಿಗೆ ಲೂರ್, ದಾರ, ರಾಡ್: ಕಾಳಿಯಿಂದ ಶರಾವತಿವರೆಗೆ ಗಾಳ ಹಾಕುವವರಿಗೆ

ಆನ್‌ಲೈನ್ ಅಂಗಡಿಯಲ್ಲಿ ಗಾಳದ ಸಾಮಾನು ಹುಡುಕಿದರೆ ಎಲ್ಲ ಕಡೆ ಎರಡೇ ಹೆಸರು: ಬಾಸ್, ಟ್ರೌಟ್. ಬಾಸ್ ರಾಡ್, ಟ್ರೌಟ್ ರೀಲ್, ಬಾಸ್ ಲೂರ್ (ಮೀನನ್ನು ಸೆಳೆಯುವ ನಕಲಿ ಎರೆ) ಎಂದು ಬರೆದ ಡಬ್ಬಿಗಳೇ ಕಾಣುತ್ತವೆ. ಈ ಎರಡೂ ನಮ್ಮ ನೀರಿನ ಮೀನಲ್ಲ. ಬಾಸ್ ಅಮೆರಿಕದ ಸಿಹಿನೀರಿನ ಮೀನು. ಟ್ರೌಟ್‌ಗೆ ತಣ್ಣೀರು ಬೇಕು. ಅದು ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲ, ನೀಲಗಿರಿ, ಮುನ್ನಾರ್‌ನಂಥ ಎತ್ತರದ ಹೊಳೆಗಳಲ್ಲಷ್ಟೇ ನೆಲೆ ನಿಂತಿದೆ.

ಆದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಅಳಿವೆಗಳಲ್ಲಿ ನಮಗೊಂದು ಮೀನಿದೆ. ಕನ್ನಡದಲ್ಲಿ ಕುರಡಿ, ಕೊಂಕಣಿಯಲ್ಲಿ ಚೊಣಕ್, ಆಸ್ಟ್ರೇಲಿಯಾದವರ ಬಾಯಲ್ಲಿ ಬಾರಾಮುಂಡಿ, ಪುಸ್ತಕದಲ್ಲಿ ಏಷ್ಯನ್ ಸೀ ಬಾಸ್. ಅಮೆರಿಕದ ಬಾಸ್‌ಗೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲದಿದ್ದರೂ ಬೇಟೆಯ ಬಗೆ ಒಂದೇ. ಕಂಬದ ನೆರಳಿನಲ್ಲೋ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಸಂದಿಯಲ್ಲೋ ಅಲುಗಾಡದೆ ನಿಂತಿರುತ್ತದೆ. ಹತ್ತಿರ ಬಂದ ಸಣ್ಣ ಮೀನನ್ನು ನೀರಿನ ಸಮೇತ ಬಾಯೊಳಗೆ ಹೀರಿಕೊಳ್ಳುತ್ತದೆ. ಹಾಗಾಗಿ ಬಾಸ್‌ಗೆಂದು ತಯಾರಾದ ಸಾಮಾನು ಕುರಡಿಗೂ ಆಗುತ್ತದೆ, ಆದರೆ ಇದ್ದ ಹಾಗೇ ಆಗುವುದಿಲ್ಲ. ಉಪ್ಪುನೀರು, ಕಲ್ವದ (ಸಿಂಪಿಯ) ಚಿಪ್ಪು, ಕುರಡಿಯ ಕಿವಿರು ಮುಚ್ಚಳದ ಬ್ಲೇಡಿನಂಥ ಅಂಚು, ಈ ಮೂರಕ್ಕೆ ತಕ್ಕ ಹಾಗೆ ಅದನ್ನು ಬದಲಿಸಬೇಕು.

ಹೊಸಬರು ಹೆಚ್ಚಾಗಿ ಮಾಡುವ ತಪ್ಪು ಮೊದಲು ರಾಡ್ ಕೊಳ್ಳುವುದು. ಚಂದದ ರಾಡ್ ತಂದಾದ ಮೇಲೆ ಅದಕ್ಕೆ ರೀಲ್, ರೀಲಿಗೆ ಸಿಕ್ಕಿದ ದಾರ, ಕೊನೆಗೆ ಸಿಕ್ಕಿದ ಲೂರ್. ಕ್ರಮ ಇದಕ್ಕೆ ತಿರುವುಮುರುವಾಗಿರಬೇಕು. ಎಲ್ಲಿ ನಿಂತು ಎಸೆಯುತ್ತೀರಿ ಎಂಬುದರ ಮೇಲೆ ಲೂರ್, ಲೂರ್‌ನ ತೂಕದ ಮೇಲೆ ರಾಡ್, ರಾಡ್ ತಾಳುವಷ್ಟು ದಾರ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಎಸೆತ ಹತ್ತಿರ ಬೀಳುತ್ತದೆ, ಇಲ್ಲವೇ ರಾಡ್ ಮುರಿಯುತ್ತದೆ.

ಮೊದಲು ನೀರು ನೋಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ನಾಲ್ಕು ದೊಡ್ಡ ಅಳಿವೆಗಳು ಒಂದೇ ಥರ ನಡೆದುಕೊಳ್ಳುವುದಿಲ್ಲ. ಕಾಳಿಗೆ ಮೇಲೆ ಕದ್ರಾ ಅಣೆಕಟ್ಟು ಇದೆ, ಶರಾವತಿಗೆ ಗೇರುಸೊಪ್ಪೆಯದ್ದು. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಳೆ ಇಲ್ಲದ ದಿನವೂ ಮೇಲ್ಭಾಗದಲ್ಲಿ ಹರಿವು ಏರುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಬಣ್ಣ, ಹರಿವು ಎಲ್ಲ ಸಿರ್ಸಿ, ಸಿದ್ದಾಪುರ ಕಡೆ ಬಿದ್ದ ಮಳೆಯ ಲೆಕ್ಕ. ಗಂಗಾವಳಿಯೂ ಮಳೆಗಾಲದಲ್ಲಿ ಘಟ್ಟದ ಕೆಂಪು ಮಣ್ಣು ತಂದು ಸುರಿಯುತ್ತದೆ. ನವರಾತ್ರಿ ಕಳೆದ ಮೇಲೆ ನೀರು ತಿಳಿಯಾಗತೊಡಗುತ್ತದೆ. ಅಲ್ಲಿಂದ ಮೇ ತನಕ ಲೂರ್‌ಗೆ ಒಳ್ಳೆಯ ಕಾಲ.

ನೀರಿನ ಏರಿಳಿತ ನಮ್ಮಲ್ಲಿ ದಿನಕ್ಕೆ ಎರಡು ಬಾರಿ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಕುರಡಿ ಹಿಡಿಯುವವರು ಗಡಿಯಾರಕ್ಕಿಂತ ಹೆಚ್ಚಾಗಿ ಇದನ್ನು ನಂಬಬೇಕು. ಇಳಿತ ಶುರುವಾದಾಗ ಕಾಂಡ್ಲಾ ಕಾಡಿನೊಳಗಿನ ಸಣ್ಣ ಮೀನು, ಶೆಟ್ಲಿ (ಸಿಗಡಿ) ಎಲ್ಲ ಕಾಲುವೆಗಳ ಮೂಲಕ ಹೊಳೆಗೆ ಇಳಿಯಲೇಬೇಕು. ಕುರಡಿ ಆ ಕಾಲುವೆಯ ಬಾಯಲ್ಲಿ ಕಾಯುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ತೂಬಿನ ಎದುರು ಇಳಿತದ ಕೊನೆಯ 2 ಗಂಟೆ ಬಂಗಾರದ ಹೊತ್ತು. ಭರತ ಏರುವಾಗ ಅದೇ ಮೀನು ಕಾಂಡ್ಲಾ ಅಂಚಿಗೆ ಸರಿಯುತ್ತದೆ. ನೀರು ಏರದೆ ಇಳಿಯದೆ ನಿಂತ ಅರ್ಧ ಗಂಟೆಯಲ್ಲಿ ಗಂಟು ಹೊಸದಾಗಿ ಹಾಕಿಕೊಳ್ಳಿ, ಚಹಾ ಕುಡಿಯಿರಿ.

ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಹರಿವಿನ ಎಳೆತ ಜೋರು, ಅಷ್ಟಮಿ, ನವಮಿಯ ಹೊತ್ತಿಗೆ ಸಪ್ಪೆ. ಇದು ನೇರವಾಗಿ ಲೂರ್‌ನ ತೂಕ ನಿರ್ಧರಿಸುತ್ತದೆ. ನವಮಿಯಂದು 10 ಗ್ರಾಂ ಸಾಕಾಗುವ ಕಡೆ ಹುಣ್ಣಿಮೆಯಂದು 20 ಗ್ರಾಂ ಹಾಕಿದರೂ ತಳ ಮುಟ್ಟದೇ ಹೋಗಬಹುದು.

ಗಜನಿಯೊಳಗೆ ಅಥವಾ ತೂಬಿನ ಕಟ್ಟೆಯ ಮೇಲೆ ನಿಲ್ಲುವ ಮೊದಲು ಅದರ ಮಾಲೀಕರನ್ನೋ ಮೀನು ಗುತ್ತಿಗೆ ಹಿಡಿದವರನ್ನೋ ಕೇಳಿ. ಅದು ಅವರ ಅನ್ನ. ಕಡಲ ತೀರದಲ್ಲಿ ರಂಪಣಿ ಎಳೆಯುತ್ತಿದ್ದರೆ ಆ ಹೊತ್ತಿಗೆ ದೂರ ಸರಿಯಿರಿ. ಮೂರು ಮುಳ್ಳಿನ ಗಾಳವೊಂದು ಬಲೆಗೆ ಸಿಕ್ಕಿದರೆ ಬಿಡಿಸುವ ಮೊದಲೇ ಹತ್ತು ಕಣ್ಣು ಹರಿದಿರುತ್ತದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಯ ನಿಷೇಧಿತ ನೀರಿನತ್ತ ಎಸೆಯುವುದಿರಲಿ, ಹೋಗಲೂಬಾರದು.

ಲೂರ್: ನಾಲ್ಕು ಸಾಕು

ಅಂಗಡಿಯವರು ನಲವತ್ತು ತೋರಿಸುತ್ತಾರೆ. ಮೊದಲ ವರ್ಷಕ್ಕೆ ನಾಲ್ಕು ಬಗೆ ಸಾಕು, ಪ್ರತಿಯೊಂದರಲ್ಲಿ ಎರಡೆರಡು ಬಣ್ಣ.

ಮೊದಲನೆಯದು ಮಿನ್ನೋ. ಉದ್ದನೆಯ ಗಟ್ಟಿ ಪ್ಲಾಸ್ಟಿಕ್ ಮೀನು, ಮೂತಿಯ ಕೆಳಗೆ ಸಣ್ಣ ನಾಲಿಗೆಯಂಥ ತಗಡು. 90ರಿಂದ 110 ಮಿಲಿಮೀಟರ್ ಉದ್ದ, 14ರಿಂದ 18 ಗ್ರಾಂ ತೂಕ, 1ರಿಂದ 1.5 ಮೀಟರ್ ಆಳಕ್ಕೆ ಇಳಿಯುವಂಥದ್ದು ತೆಗೆದುಕೊಳ್ಳಿ. ನಮ್ಮ ಅಳಿವೆಯ ಅಂಚಿನಲ್ಲಿ ಅದಕ್ಕಿಂತ ಆಳಕ್ಕೆ ಹೋದರೆ ಕಲ್ವದ ಬಂಡೆಗೆ ಸಿಕ್ಕುತ್ತದೆ. ಎರಡು ಬಾರಿ ಜಗ್ಗಿ, 2ರಿಂದ 4 ಸೆಕೆಂಡ್ ನಿಲ್ಲಿಸಿ, ಮತ್ತೆ ಜಗ್ಗಿ. ಕುರಡಿ ಹೊಡೆಯುವುದು ಹೆಚ್ಚಾಗಿ ನಿಲ್ಲಿಸಿದಾಗಲೇ. ಹೊಸಬರು ನಿಲ್ಲಿಸುವುದೇ ಇಲ್ಲ, ಒಂದೇ ಸಮ ಸುತ್ತುತ್ತಾರೆ. ಮೀನು ಹಿಂದೆ ಬಂದು ತಿರುಗಿ ಹೋದದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ನೀರಿನ ಮಧ್ಯದಲ್ಲಿ ತೂಗಾಡುವ ಮಿನ್ನೋ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಬಾಸ್‌ಗೆ ಮಾಡಿದ್ದು ಸಿಹಿನೀರಿನ ಲೆಕ್ಕದಲ್ಲಿ ಮಾಡಿದ್ದು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5 ಶೇಕಡಾ ಭಾರ, ಹಾಗಾಗಿ ಅಳಿವೆಯಲ್ಲಿ ಅದೇ ಲೂರ್ ಮೆಲ್ಲಗೆ ಮೇಲೇಳುತ್ತದೆ. ಗಾಳ ಬದಲಿಸಿದಾಗ ಈ ತೊಂದರೆ ತಾನಾಗಿ ಸರಿಹೋಗುವುದೂ ಉಂಟು, ಏಕೆಂದರೆ ದಪ್ಪ ಗಾಳ ಲೂರನ್ನು ಭಾರ ಮಾಡುತ್ತದೆ.

ಗಾಳ ಬದಲಿಸಲೇಬೇಕು. ಬಾಸ್ ಲೂರ್ ಜೊತೆ ಬರುವ ಮೂರು ಮುಳ್ಳಿನ ಗಾಳಗಳನ್ನು 4 ಕಿಲೋ ಕುರಡಿ ಒಂದೇ ಒತ್ತಿಗೆ ನೆಟ್ಟಗೆ ಮಾಡಿಬಿಡುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಎರಡು ಪ್ರವಾಸದಲ್ಲಿ ತುಕ್ಕೂ ಹಿಡಿಯುತ್ತದೆ. ಉಪ್ಪುನೀರಿಗೆಂದು ಲೇಪ ಕೊಟ್ಟ, 3ಎಕ್ಸ್ ಅಥವಾ 4ಎಕ್ಸ್ ಎಂದು ಬರೆದ ಗಾಳ ತಂದು ಹಾಕಿ. ಸುರುಳಿ ಉಂಗುರವನ್ನೂ ಅದೇ ಬಲದ್ದಕ್ಕೆ ಬದಲಿಸಿ. ಗಾಳ ಬಲವಾಗಿದ್ದು ಉಂಗುರ ತೆಳ್ಳಗಿದ್ದರೆ ಅದು ತೆರೆದುಕೊಂಡು ಮೀನು ಗಾಳ ಸಮೇತ ಹೋಗುತ್ತದೆ. ಬದಲಿಸಿದ ಮೇಲೆ ಅದೇ ಅಳಿವೆಯ ನೀರು ತುಂಬಿದ ಬಕೆಟ್ಟಿಗೆ ಹಾಕಿ ನೋಡಿ. ತೇಲಬೇಕಾದದ್ದು ಮೂತಿ ತಗ್ಗಿಸಿ ಮುಳುಗಿದರೆ ಒಂದು ಅಳತೆ ಸಣ್ಣ ಗಾಳ ಹಾಕಿ, ಇಲ್ಲವೇ ಮೂರು ಮುಳ್ಳಿನ ಬದಲು ಒಂಟಿ ಗಾಳ ಹಾಕಿ. ಒಂಟಿ ಗಾಳ ಕಾಂಡ್ಲಾ ಬೇರಿಗೆ ಸಿಕ್ಕುವುದು ಕಡಿಮೆ, ಮೀನು ಬಿಡಿಸುವುದೂ ಸುಲಭ. ಗಾಳ ತಪ್ಪುವ ಸಂಖ್ಯೆ ಸ್ವಲ್ಪ ಹೆಚ್ಚು. ಬೇರುಗಳ ನಡುವೆ ಒಂಟಿ ಗಾಳವೇ ಮೇಲು.

ಎರಡನೆಯದು ಮೆತ್ತನೆಯ ರಬ್ಬರ್ ಮೀನು, ಬಾಲ ದೋಣಿಯ ಹುಟ್ಟಿನಂತೆ ಅಗಲ ಇರುವಂಥದ್ದು, 10 ಸೆಂಟಿಮೀಟರ್ ಉದ್ದ. ಅದಕ್ಕೆ ಸೀಸದ ತಲೆಯ ಜಿಗ್ ಗಾಳ, ಅಳತೆ 4/0 ಅಥವಾ 5/0. ಆಳವಿರುವ ಕಂಬದ ಬುಡ, ಹರಿವಿನ ತಿರುವು, ತೂಬಿನ ಗುಂಡಿ ಇದರ ಜಾಗ. 10 ಗ್ರಾಂ ತಲೆಯಿಂದ ಶುರು ಮಾಡಿ. 2 ಮೀಟರ್ ನೀರಿನಲ್ಲಿ ಐದಾರು ಎಣಿಸುವಷ್ಟರಲ್ಲಿ ತಳ ಮುಟ್ಟದಿದ್ದರೆ 14, ಆಮೇಲೆ 20. ತಳ ಮುಟ್ಟಿದಾಗ ದಾರ ಸಡಿಲಾಗುವುದು ಕಣ್ಣಿಗೆ ಕಾಣುತ್ತದೆ. ಎತ್ತಿ, ಬಿಟ್ಟು, ಎತ್ತಿ. ಒಂದು ಲೆಕ್ಕ ಮರೆಯಬೇಡಿ: ತಲೆಯ ಮೇಲೆ 10 ಗ್ರಾಂ ಎಂದಿದ್ದರೂ ರಬ್ಬರ್ ದೇಹ ಇನ್ನೊಂದು 8ರಿಂದ 10 ಗ್ರಾಂ ತೂಗುತ್ತದೆ. ರಾಡ್ ಎತ್ತಬೇಕಾದ್ದು ಒಟ್ಟು ತೂಕವನ್ನು.

ರಬ್ಬರನ್ನು ಗಾಳಕ್ಕೆ ಪೋಣಿಸುವಾಗ ನೆಟ್ಟಗಿರಬೇಕು. ಒಂದೆರಡು ಮಿಲಿಮೀಟರ್ ಡೊಂಕಾದರೂ ನೀರಿನಲ್ಲಿ ತಿರುಗುತ್ತದೆ, ದಾರ ಹೆಣೆದುಕೊಳ್ಳುತ್ತದೆ, ಮೀನು ಮುಟ್ಟುವುದಿಲ್ಲ. ಮೊದಲು ಗಾಳವನ್ನು ರಬ್ಬರಿನ ಪಕ್ಕ ಹಿಡಿದು ಮುಳ್ಳು ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಆಮೇಲೆ ಪೋಣಿಸಿ.

ಮೂರನೆಯದು ನೀರಿನ ಮೇಲಿನದು, ಪಾಪರ್ ಅಥವಾ ಹಾವಿನಂತೆ ಅಡ್ಡಾಡುವ ಸ್ಟಿಕ್‌ಬೇಟ್, 90 ಮಿಲಿಮೀಟರ್ ಆಸುಪಾಸು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಗಾಳಿ ಇಲ್ಲದಾಗ ಮಾತ್ರ. ಟಪ್ಪೆಂದು ಸದ್ದು ಕೇಳಿದ ಕೂಡಲೇ ಎಳೆಯಬೇಡಿ. ಕೈಗೆ ತೂಕ ಗೊತ್ತಾದ ಮೇಲೆ ಎಳೆಯಿರಿ.

ನಾಲ್ಕನೆಯದು ಲೋಹದ ಜಿಗ್ ಅಥವಾ ಚಮಚ, 20ರಿಂದ 40 ಗ್ರಾಂ. ಇದು ಕುರಡಿಗಿಂತ ಹೆಚ್ಚಾಗಿ ಕಡಲಂಚಿನ ಬಂಡೆಯಿಂದ ಕೊಕ್ಕರ್‌ನಂಥ ಓಡುವ ಮೀನಿಗೆ. ದೂರ ಹೋಗುತ್ತದೆ, ಗಾಳಿಗೆ ಹೆದರುವುದಿಲ್ಲ, ಬೆಲೆಯೂ ಕಡಿಮೆ.

ಬಣ್ಣದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಿಳಿನೀರಿಗೆ ಬೆಳ್ಳಿ, ತಾರ್ಲೆಯ (ಬೂತಾಯಿಯ) ಬೆನ್ನಿನ ಹಸಿರು-ನೀಲಿ. ಕದಡಿದ ನೀರಿಗೆ ಬಿಳಿ, ಬಂಗಾರ, ಕಣ್ಣು ಕುಕ್ಕುವ ಹಳದಿ-ಹಸಿರು. ರಾತ್ರಿ ದೀಪದ ಬೆಳಕು ನೀರಿಗೆ ಬೀಳುವ ಕಡೆ ಕಪ್ಪು, ಏಕೆಂದರೆ ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಆಕಾರದ ನೆರಳು. ಬಣ್ಣಕ್ಕಿಂತ ಗಾತ್ರ ಮುಖ್ಯ. ನೀರಿನಲ್ಲಿ ಓಡಾಡುವ ಮರಿಮೀನು ಬೆರಳುದ್ದ ಇದ್ದರೆ ಗೇಣುದ್ದದ ಲೂರ್ ಎಸೆದು ಫಲವಿಲ್ಲ.

ಕಾಣೆ ಹಿಡಿಯಬೇಕೆಂದಿದ್ದರೆ ಈ ಯಾವುದೂ ಬೇಡ. ಸಣ್ಣ ಗಾಳ, ಸೀಸದ ಗುಂಡು, ಹಸಿ ಶೆಟ್ಲಿ ಸಾಕು.

ರಾಡ್ ಮೇಲಿನ ಅಕ್ಷರ ಓದುವುದು

ಹಿಡಿಕೆಯ ಮೇಲ್ಭಾಗದಲ್ಲಿ ಬರೆದಿರುವ ಸಾಲು ಹೀಗಿರುತ್ತದೆ: 7 ಅಡಿ, ಮೀಡಿಯಂ ಹೆವಿ, ಫಾಸ್ಟ್, ದಾರ 10–20 ಪೌಂಡ್, ಲೂರ್ 1/4–1 ಔನ್ಸ್. ಔನ್ಸ್ ಅಂದರೆ 28 ಗ್ರಾಂ. ಹಾಗಾಗಿ ಈ ರಾಡ್ 7ರಿಂದ 28 ಗ್ರಾಂ ಎಸೆಯುತ್ತದೆ. ಎರಡೂ ತುದಿಯ ಅಂಕಿಯನ್ನು ನಂಬಬೇಡಿ. 7 ಗ್ರಾಂಗೆ ರಾಡ್ ಬಾಗುವುದೇ ಇಲ್ಲ, 28 ಗ್ರಾಂ ಜೋರಾಗಿ ಎಸೆದರೆ ತುದಿ ನರಳುತ್ತದೆ. 10ರಿಂದ 22 ಗ್ರಾಂವರೆಗೆ ಅದು ಹಿತವಾಗಿ ಕೆಲಸ ಮಾಡುತ್ತದೆ, ಮೇಲೆ ಹೇಳಿದ ಮಿನ್ನೋ ಮತ್ತು 10 ಗ್ರಾಂ ತಲೆಯ ರಬ್ಬರ್ ಮೀನು ಬರುವುದು ಸರಿಯಾಗಿ ಅದರೊಳಗೇ. ಅಳಿವೆಗೆ ಒಂದೇ ರಾಡ್ ಕೊಳ್ಳುವುದಿದ್ದರೆ ಇದೇ ಅಳತೆ.

ಪಾತಿ ದೋಣಿಯಲ್ಲಿ ಕೂತು ಎಸೆಯುವವರಿಗೆ 6.5 ಅಡಿ ಸಾಕು, ಉದ್ದವಾದರೆ ಮೀನನ್ನು ದೋಣಿಯ ಪಕ್ಕಕ್ಕೆ ತರುವುದು ಕಷ್ಟ. ತೀರದ ಮರಳು ಅಥವಾ ಬಂಡೆಯಿಂದ ಎಸೆಯಲು 9ರಿಂದ 10 ಅಡಿ, 15–45 ಗ್ರಾಂ. ತೆರೆಯ ಮೇಲೆ ದಾರ ಎತ್ತಿ ಹಿಡಿಯಲು ಆ ಉದ್ದ ಬೇಕು.

ಫಾಸ್ಟ್ ಎಂದರೆ ತುದಿಯ ಕಾಲು ಭಾಗ ಮಾತ್ರ ಬಾಗುತ್ತದೆ, ಮಾಡರೇಟ್ ಎಂದರೆ ಅರ್ಧದ ತನಕ. ಜಿಗ್‌ನ ಒಂಟಿ ದಪ್ಪ ಗಾಳವನ್ನು ಕುರಡಿಯ ಗಟ್ಟಿ ದವಡೆಗೆ ಹೊಡೆಯಲು ಫಾಸ್ಟ್ ಬೇಕು. ಮೂರು ಮುಳ್ಳಿನ ಸಣ್ಣ ಗಾಳಕ್ಕೆ ಅತಿ ಗಡಸು ರಾಡ್ ಒಳ್ಳೆಯದಲ್ಲ. ಮೀನು ಹಾರಿ ತಲೆ ಕೊಡವಿದಾಗ ಬಾಗಿ ತಾಳದ ರಾಡ್ ಗಾಳವನ್ನು ಕಿತ್ತುಬಿಡುತ್ತದೆ.

ಟ್ರೌಟ್ ರಾಡ್ ಎಂದು ಮಾರುವುದು 2ರಿಂದ 8 ಗ್ರಾಂನ, 4ರಿಂದ 8 ಪೌಂಡ್ ದಾರದ ನಾಜೂಕು ಕಡ್ಡಿ. ಜೆಟ್ಟಿಯಿಂದ 5 ಗ್ರಾಂ ಜಿಗ್ ಹಾಕಿ ಬಂಗಡೆ, ಮರಿ ಕೊಕ್ಕರ್ ಹಿಡಿಯಲು ಇದರಷ್ಟು ಖುಷಿ ಬೇರೆ ಇಲ್ಲ. ಕಾಂಡ್ಲಾ ಅಂಚಿಗೆ ಮಾತ್ರ ತರಬೇಡಿ. 2 ಕಿಲೋ ಕುರಡಿಯನ್ನು ಬೇರಿನಿಂದ ತಡೆಯುವ ಶಕ್ತಿ ಅದಕ್ಕಿಲ್ಲ. ಮೀನು ದಾರ ಕಡಿದುಕೊಂಡು ಬಾಯಲ್ಲಿ ಗಾಳ ಇಟ್ಟುಕೊಂಡೇ ಬದುಕಬೇಕಾಗುತ್ತದೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ಸಿರ್ಸಿ, ಬನವಾಸಿ, ಮುಂಡಗೋಡ ಕಡೆಯ ಕೆರೆಗಳಲ್ಲಿ ತಾವರೆ ಎಲೆಯ ಕೆಳಗಿರುವ ಕೊರವ ಮೀನಿಗೆ ಬಾಸ್ ಸಾಮಾನು ಯಾವ ಬದಲಾವಣೆಯೂ ಇಲ್ಲದೆ ಹೊಂದುತ್ತದೆ: 7 ಅಡಿ ಹೆವಿ ರಾಡ್, 40–50 ಪೌಂಡ್ ಬ್ರೇಡ್ (ಹೆಣೆದ ದಾರ) ನೇರವಾಗಿ, 10–14 ಗ್ರಾಂನ ಟೊಳ್ಳು ರಬ್ಬರ್ ಕಪ್ಪೆ. ಹೊಡೆದ ಮೇಲೆ ಒಂದೆರಡು ಸೆಕೆಂಡ್ ತಡೆದು ಎಳೆಯಬೇಕು, ಇಲ್ಲದಿದ್ದರೆ ಕಪ್ಪೆ ಬಾಯಿಂದ ಜಾರಿ ನಿಮ್ಮ ಮುಖಕ್ಕೇ ಹಾರಿಬರುತ್ತದೆ. ಕೆರೆ ಗುತ್ತಿಗೆಯದ್ದೋ ದೇವಸ್ಥಾನದ್ದೋ ಮೊದಲು ವಿಚಾರಿಸಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹೊಳೆಗಳಿಗೆ ಗಾಳ ಒಯ್ಯಲೇಬೇಡಿ.

ರಾಡ್ ಮುರಿಯುವುದು ಸಾಮಾನ್ಯವಾಗಿ ಎಸೆಯುವಾಗ ಅಲ್ಲ, ಮೀನು ಕಾಲ ಬುಡಕ್ಕೆ ಬಂದಾಗ. ರಾಡನ್ನು ತಲೆಯ ಹಿಂದಕ್ಕೆ ಎಳೆದು ಮೀನು ಎತ್ತಲು ಹೋದರೆ ಭಾರವೆಲ್ಲ ತೆಳ್ಳನೆಯ ತುದಿಯ ಮೇಲೆ ಬೀಳುತ್ತದೆ. ಎತ್ತಬೇಕಿದ್ದರೆ ಬುಟ್ಟಿಬಲೆ ಬಳಸಿ. ಎರಡನೆಯ ಕಾರಣ, ಬಂಡೆಗೆ ತಾಗಿ ಆದ ಕೂದಲೆಳೆಯ ಬಿರುಕು. ಇನ್ನೊಂದು ಅಪಾಯ ಜೀವಕ್ಕೇ ಸಂಬಂಧಿಸಿದ್ದು: ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ. ಹೊಳೆ ದಾಟುವ ತಂತಿಗಳ ಕೆಳಗೆ ಎಸೆಯಬೇಡಿ. ಮಳೆಗಾಲದ ಮುಂಚಿನ ಗುಡುಗು ಕೇಳಿದರೆ ರಾಡ್ ನೆಲಕ್ಕಿಟ್ಟು ನೀರಿನಿಂದ ದೂರ ಹೋಗಿ.

ರೀಲ್‌ಗೆ ಹೆಚ್ಚು ಮಾತು ಬೇಡ. 3000 ಅಥವಾ 4000 ಅಳತೆಯ ಸ್ಪಿನ್ನಿಂಗ್ ರೀಲ್, ಉಪ್ಪುನೀರಿಗೆಂದು ಮಾಡಿದ್ದು, ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಬಿಡುವ ಭಾಗ) ನಯವಾಗಿ ಬಿಡುವಂಥದ್ದು. ಬೇರಿಂಗ್ ಎಷ್ಟಿವೆ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಅಂಗಡಿಯಲ್ಲಿ ಡ್ರ್ಯಾಗ್ ಅರ್ಧ ಬಿಗಿದು ದಾರ ಮೆಲ್ಲಗೆ ಎಳೆಯಿರಿ. ತಡೆತಡೆದು ಬಂದರೆ ಬೇಡ. ಆ ಒಂದು ತಡೆಯಲ್ಲೇ ದಾರ ಕಡಿಯುವುದು.

ದಾರ

ಹಳೆಯ ತಂಗೂಸಿ ದಾರಕ್ಕೆ ಇನ್ನೂ ಕೆಲಸವಿದೆ, ಆದರೆ ಲೂರ್ ಎಸೆಯಲು ಹೆಣೆದ ದಾರವೇ ಸರಿ. ಬ್ರೇಡ್ ಹಿಗ್ಗುವುದಿಲ್ಲ, ಹಾಗಾಗಿ 30 ಮೀಟರ್ ಆಚೆ ರಬ್ಬರ್ ಬಾಲ ತಳದ ಚಿಪ್ಪಿಗೆ ತಾಗಿದ್ದೂ ಕೈಗೆ ಗೊತ್ತಾಗುತ್ತದೆ. ತೆಳ್ಳಗಿರುವುದರಿಂದ ದೂರ ಹೋಗುತ್ತದೆ, ಹರಿವು ಅದನ್ನು ಎಳೆದುಕೊಂಡು ಹೋಗುವುದೂ ಕಡಿಮೆ.

ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ, ಪಿಇ ಮತ್ತು ಪೌಂಡ್. ಪಿಇ ಎಂಬುದು ದಪ್ಪದ ಅಳತೆ: ಪಿಇ 1 ಅಂದರೆ ಸುಮಾರು 0.165 ಮಿಲಿಮೀಟರ್, 1.5 ಅಂದರೆ 0.205, 2 ಅಂದರೆ 0.235. ಒಂದೇ ಪಿಇಗೆ ಕೆಲವರು 20 ಪೌಂಡ್, ಕೆಲವರು 40 ಪೌಂಡ್ ಬರೆಯುತ್ತಾರೆ. ಪೌಂಡಿನ ಅಂಕಿಗಿಂತ ದಪ್ಪವನ್ನು ನಂಬಿ. ಅಳಿವೆಗೆ ಪಿಇ 1.5, ಕಂಬ ಮತ್ತು ಬೇರು ಹೆಚ್ಚಿದ್ದರೆ 2. ಉದ್ದ 150 ಮೀಟರ್ ಸಾಕು, ತೀರಕ್ಕೆ 200ರಿಂದ 250.

ರೀಲಿಗೆ ತುಂಬುವ ಕ್ರಮದಲ್ಲಿ ಎಷ್ಟೋ ಜನ ಎಡವುತ್ತಾರೆ. ಬ್ರೇಡ್ ಜಾರುವ ದಾರ. ಬರಿ ಲೋಹದ ಸುರುಳಿಗೆ ಕಟ್ಟಿದರೆ ಒಳಗೊಳಗೇ ಇಡೀ ದಾರ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ನೀವು ರೀಲ್ ಬಿಚ್ಚುತ್ತೀರಿ. ಮೊದಲು ನೈಲಾನ್ ದಾರ ಒಂದು ಪದರ ಸುತ್ತಿ, ಅದರ ತುದಿಗೆ ಬ್ರೇಡ್ ಕಟ್ಟಿ. ಬ್ರೇಡಿನ ಡಬ್ಬಿಯನ್ನು ನೀರಿನ ಪಾತ್ರೆಯಲ್ಲಿ ಅದ್ದಿಟ್ಟು, ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು, ಬಿಗಿಯಾಗಿ ಸುತ್ತಿ. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನ ಪದರದೊಳಗೆ ಹೂತುಹೋಗುತ್ತದೆ, ಮುಂದಿನ ಎಸೆತದಲ್ಲಿ ಲೂರ್ ಕಡಿದು ಹಾರುತ್ತದೆ. ಸುರುಳಿಯ ಅಂಚಿಗೆ 2 ಮಿಲಿಮೀಟರ್ ಬಾಕಿ ಇರುವಾಗ ನಿಲ್ಲಿಸಿ. ಅಂಚಿನ ತನಕ ತುಂಬಿದರೆ ಹತ್ತಿಪ್ಪತ್ತು ಸುತ್ತು ಒಟ್ಟಿಗೇ ಉದುರಿ ಗೂಡಾಗುತ್ತದೆ.

ಗೂಡಾಗಲು ಇನ್ನೂ ಎರಡು ಕಾರಣ: ರಾಡಿಗೆ ತೀರ ಹಗುರವಾದ ಲೂರ್, ಮತ್ತು ಎಸೆದ ಮೇಲೆ ಹಿಡಿಕೆ ತಿರುಗಿಸಿ ಬೇಲ್ (ದಾರವನ್ನು ರೀಲಿಗೆ ಸುತ್ತಿಸುವ ಬಾಗು ತಂತಿ) ಮುಚ್ಚುವುದು. ಬೇಲ್ ತಂತಿಯನ್ನು ಕೈಯಿಂದಲೇ ಮುಚ್ಚಿ, ದಾರವನ್ನು ಬೆರಳಲ್ಲಿ ಒಮ್ಮೆ ಬಿಗಿ ಮಾಡಿ, ಆಮೇಲೆ ಸುತ್ತಿ. ಈ ಒಂದು ಅಭ್ಯಾಸ ಅರ್ಧ ಗೋಜಲು ಕಡಿಮೆ ಮಾಡುತ್ತದೆ.

ಬ್ರೇಡಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಉಜ್ಜಿದರೆ ತಾಳುವುದಿಲ್ಲ. ಕಲ್ವದ ಚಿಪ್ಪಿಗೆ ಒಮ್ಮೆ ತಾಗಿದರೆ ಮುಗಿಯಿತು. ಅದಕ್ಕಾಗಿಯೇ ಬ್ರೇಡಿಗೂ ಲೂರ್‌ಗೂ ನಡುವೆ ಲೀಡರ್ ಎಂಬ ದಪ್ಪ ದಾರದ ತುಂಡು ಬೇಕು: ಫ್ಲೋರೋಕಾರ್ಬನ್ ಅಥವಾ ಗಟ್ಟಿ ನೈಲಾನ್, 30ರಿಂದ 40 ಪೌಂಡ್, ಸೇತುವೆ ಕಂಬದ ಹತ್ತಿರ 50. ಉದ್ದ 80 ಸೆಂಟಿಮೀಟರ್‌ನಿಂದ 1 ಮೀಟರ್. ಕುರಡಿಗೆ ಉದ್ದ ಹಲ್ಲಿಲ್ಲ, ಆದರೆ ದವಡೆ ಅರದಂತೆ ಒರಟು, ಕಿವಿರು ಮುಚ್ಚಳ ಹರಿತ. 20 ಪೌಂಡ್ ಲೀಡರ್ ಹತ್ತು ನಿಮಿಷದ ಹೋರಾಟದಲ್ಲಿ ಹತ್ತಿಯ ನೂಲಾಗುತ್ತದೆ. ಪ್ರತಿ ಮೀನಿನ ನಂತರ, ಪ್ರತಿ ಬಾರಿ ಕಲ್ಲಿಗೆ ಸಿಕ್ಕಿದ ನಂತರ, ಕೊನೆಯ ಒಂದು ಅಡಿಯನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿ. ಒರಟು ತಾಗಿದರೆ ಅಷ್ಟನ್ನೂ ಕತ್ತರಿಸಿ. ಸ್ಟೀಲ್ ತಂತಿ ಬೇಡ, ಲೂರ್‌ನ ಓಲಾಟ ಕೊಲ್ಲುತ್ತದೆ.

ಬ್ರೇಡಿಗೂ ಲೀಡರಿಗೂ ಗಂಟು

ಎರಡು ಗಂಟು ಕಲಿತರೆ ಸಾಕು. ಕತ್ತಲಲ್ಲಿ, ಗಾಳಿಯಲ್ಲಿ, ದೋಣಿಯಲ್ಲಿ ಹಾಕಲು ಡಬಲ್ ಯೂನಿ. ಬ್ರೇಡ್ ಕಡೆ 8 ಸುತ್ತು, ಲೀಡರ್ ಕಡೆ 4 ಅಥವಾ 5. ಒದ್ದೆ ಮಾಡಿ, ಒಂದೊಂದನ್ನೂ ಬಿಗಿದು, ಕೊನೆಗೆ ಎರಡನ್ನೂ ಒಟ್ಟಿಗೆ ಎಳೆಯಿರಿ. ಉಬ್ಬು ದೊಡ್ಡದಾಗುವುದರಿಂದ ಲೀಡರ್ ಗಿಡ್ಡವಿಟ್ಟು ಗಂಟು ರಾಡ್ ತುದಿಯ ಉಂಗುರದ ಹೊರಗೇ ಇರುವಂತೆ ಎಸೆಯಿರಿ.

ಮನೆಯಲ್ಲಿ ಕೂತು ಹಾಕಲು ಎಫ್‌ಜಿ ಗಂಟು. ಇದು ತೆಳ್ಳಗೆ, ಉಂಗುರದೊಳಗೆ ಸದ್ದಿಲ್ಲದೆ ಹೋಗುತ್ತದೆ, ಬಲವೂ ಹೆಚ್ಚು. ಬ್ರೇಡ್ ತಂತಿಯಂತೆ ಬಿಗಿಯಾಗಿರಬೇಕು, ಲೀಡರ್ ಅಲ್ಲ. ಇದು ಮೊದಲ ನಿಯಮ. ರಾಡನ್ನು ಮೊಣಕಾಲ ನಡುವೆ ಒತ್ತಿ, ಬ್ರೇಡಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿಯಿರಿ. ಲೀಡರಿನ ತುದಿಯನ್ನು ಬ್ರೇಡಿನ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ, ಜಡೆ ಹೆಣೆದಂತೆ ಅದಲು ಬದಲು 20 ಬಾರಿ ದಾಟಿಸಿ. ಪ್ರತಿ ಸುತ್ತು ಹಿಂದಿನದರ ಪಕ್ಕ ಕೂರಬೇಕು, ಮೇಲೆ ಏರಬಾರದು. ಬ್ರೇಡಿನ ತುದಿಯಿಂದ ಲೀಡರ್ ಮತ್ತು ಮುಖ್ಯ ದಾರ ಎರಡನ್ನೂ ಸೇರಿಸಿ ಎರಡು ಅರ್ಧಗಂಟು ಹಾಕಿ. ಈಗ ಒದ್ದೆ ಮಾಡಿ, ಲೀಡರ್ ಮತ್ತು ಮುಖ್ಯ ಬ್ರೇಡನ್ನು ಕೈಗೆ ಬಟ್ಟೆ ಸುತ್ತಿಕೊಂಡು ಜೋರಾಗಿ ಎಳೆಯಿರಿ. ಸುತ್ತುಗಳು ಲೀಡರನ್ನು ಕಚ್ಚಿದಾಗ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಆ ಬಣ್ಣ ಬರದಿದ್ದರೆ ಗಂಟು ಕೂತಿಲ್ಲ, ಬಿಚ್ಚಿ ಮತ್ತೆ ಹಾಕಿ. ಕೂತ ಮೇಲೆ ಲೀಡರಿನ ತುದಿಯನ್ನು ಒತ್ತಿ ಕತ್ತರಿಸಿ, ಮುಖ್ಯ ದಾರದ ಮೇಲೆ ಇನ್ನೂ ಐದಾರು ಅರ್ಧಗಂಟು ಹಾಕಿ, ಬ್ರೇಡಿನ ತುದಿ 2 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಈ ಗಂಟು ಜಾರಿತು ಎಂದು ದೂರುವವರಲ್ಲಿ ಹೆಚ್ಚಿನವರು ಆ ಜೋರಾದ ಎಳೆತವನ್ನು ಬಿಟ್ಟಿರುತ್ತಾರೆ.

ಲೂರ್‌ಗೆ ಕಟ್ಟುವಾಗ ಬಿಗಿ ಗಂಟು ಬೇಡ, ಸಣ್ಣ ಕುಣಿಕೆ ಬಿಟ್ಟು ಕಟ್ಟಿ. ಕುಣಿಕೆಯಲ್ಲಿ ಮಿನ್ನೋ ಸ್ವತಂತ್ರವಾಗಿ ಓಲಾಡುತ್ತದೆ.

ಡ್ರ್ಯಾಗ್: ಕೈ ಅಂದಾಜು ಸಾಲದು

ಸಂತೆಯಲ್ಲಿ ಸಿಗುವ ತೂಕದ ಸ್ಪ್ರಿಂಗ್ ಕೊಕ್ಕೆ ಒಂದು ತನ್ನಿ. ರಾಡನ್ನು 45 ಡಿಗ್ರಿಗೆ ಹಿಡಿದು, ಲೀಡರಿನ ತುದಿಗೆ ಕೊಕ್ಕೆ ಸಿಕ್ಕಿಸಿ, ಇನ್ನೊಬ್ಬರು ಎಳೆಯಲಿ. ದಾರ ಬಿಡತೊಡಗುವ ಅಂಕಿ ನೋಡಿ. 30 ಪೌಂಡ್ ಬ್ರೇಡ್ ಅಂದರೆ 13.6 ಕಿಲೋ. ಅದರ ಕಾಲು ಭಾಗ 3.4. ಮೇಲೆ ಹೇಳಿದ ರಾಡಿನ ಮಿತಿ 20 ಪೌಂಡ್, ಅಂದರೆ 9 ಕಿಲೋ. ಅದರ ಮೂರನೇ ಒಂದು 3. ಎರಡರಲ್ಲಿ ಕಡಿಮೆಯದಕ್ಕೆ ನಿಲ್ಲಿ: 3 ಕಿಲೋ. ಬಯಲು ಮರಳಿನಲ್ಲಿ 2 ಸಾಕು. ಕಾಂಡ್ಲಾ ಬೇರಿನ ಎದುರು ಮೊದಲ ಐದು ಸೆಕೆಂಡ್ ಮುಖ್ಯ. ಆಗ ಸುರುಳಿಯ ಅಂಚಿಗೆ ಅಂಗೈ ಒತ್ತಿ ತಡೆಯಬಹುದು, ಡ್ರ್ಯಾಗ್ ತಿರುಗಿಸಲು ಹೋಗಬೇಡಿ. 3 ಕಿಲೋ ಎಳೆತ ಎಷ್ಟಿರುತ್ತದೆ ಎಂಬುದು ಮೊದಲ ಬಾರಿ ಎಲ್ಲರಿಗೂ ಅಚ್ಚರಿ, ಕೈ ಅಂದಾಜಿನಲ್ಲಿ ಇಟ್ಟವರದ್ದು ಸಾಮಾನ್ಯವಾಗಿ ಅದರ ಅರ್ಧವೂ ಇರುವುದಿಲ್ಲ.

ಕುರಡಿ ಹಾರುತ್ತದೆ. ದಾರ ಮೇಲಕ್ಕೇರುವುದು ಕಂಡ ಕೂಡಲೇ ರಾಡಿನ ತುದಿಯನ್ನು ನೀರಿನ ಹತ್ತಿರ ಪಕ್ಕಕ್ಕೆ ಇಳಿಸಿ. ದಾರ ಸಡಿಲಾಗದಂತೆ ನೋಡಿಕೊಳ್ಳಿ.

ಉಪ್ಪಿನಿಂದ ಕಾಪಾಡುವುದು

ಮನೆಗೆ ಬಂದ ಕೂಡಲೇ ಡ್ರ್ಯಾಗ್ ಪೂರ್ತಿ ಬಿಗಿದು, ಸಿಹಿನೀರನ್ನು ಮೆಲ್ಲಗೆ ಸುರಿದು ರೀಲ್ ತೊಳೆಯಿರಿ. ಜೋರಾಗಿ ಪೈಪ್ ಹಿಡಿದರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಡಿ, ಬಿಗಿಯಾಗಿಯೇ ಬಿಟ್ಟರೆ ಒಳಗಿನ ಬಿಲ್ಲೆಗಳು ಅಂಟಿಕೊಳ್ಳುತ್ತವೆ. ರಾಡಿನ ಉಂಗುರಗಳೊಳಗೆ ಹತ್ತಿಯ ಚೂರು ಸವರಿ. ಎಳೆ ಸಿಕ್ಕಿಕೊಂಡ ಕಡೆ ಪಿಂಗಾಣಿ ಬಿರಿದಿದೆ, ನಿಮ್ಮ ಬ್ರೇಡ್ ಕಾರಣವಿಲ್ಲದೆ ಕಡಿಯುತ್ತಿದ್ದುದು ಅಲ್ಲಿಯೇ.

ಬಳಸಿದ ಲೂರನ್ನು ಬಳಸದವುಗಳ ಜೊತೆ ಒದ್ದೆಯಾಗಿ ಹಾಕಿದರೆ ಒಂದು ವಾರದಲ್ಲಿ ಇಡೀ ಡಬ್ಬಿ ತುಕ್ಕು. ಬೇರೆ ಬೇರೆ ಕಂಪನಿಯ ರಬ್ಬರ್ ಮೀನುಗಳನ್ನು ಒಂದೇ ಕಡೆ ಇಡಬೇಡಿ. ಕೆಲವು ರಬ್ಬರ್ ಒಂದಕ್ಕೊಂದು ತಾಗಿದರೆ ಕರಗಿ ಅಂಟಾಗುತ್ತವೆ, ಗಟ್ಟಿ ಲೂರ್‌ನ ಬಣ್ಣವನ್ನೂ ತಿನ್ನುತ್ತವೆ. ಕೊಂಡ ಚೀಲದಲ್ಲೇ ಇರಲಿ.

ಜೇಬಿನಲ್ಲಿ ಉದ್ದ ಮೂತಿಯ ಇಕ್ಕಳ ಮತ್ತು ತಂತಿ ಕತ್ತರಿಸುವ ಇಕ್ಕಳ ಎರಡೂ ಬೇಕು. 4ಎಕ್ಸ್ ಗಾಳ ಬೆರಳಿಗೆ ನೆಟ್ಟರೆ ಕತ್ತರಿಸದೆ ಆಸ್ಪತ್ರೆ ತನಕ ಹೋಗುವುದು ನರಕ. ಕೆಸರು ನೀರಿನಲ್ಲಿ ಕಾಲೆತ್ತಿ ಇಡಬೇಡಿ, ಉಜ್ಜಿಕೊಂಡು ನಡೆಯಿರಿ, ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಇದ್ದರೆ ಸರಿದು ಹೋಗುತ್ತದೆ.

ಮೀನು ಹಿಡಿದ ಮೇಲೆ

ಕುರಡಿ ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಅಳಿವೆಯ ದೊಡ್ಡ ಕುರಡಿಗಳೆಲ್ಲ ಬಹುಪಾಲು ಹೆಣ್ಣು. ಮಳೆಗಾಲದಲ್ಲಿ ಅವು ಉಪ್ಪು ಹೆಚ್ಚಿರುವ ಅಳಿವೆ ಬಾಯಿಗೆ ಇಳಿದು ಮೊಟ್ಟೆಯಿಡುತ್ತವೆ. ಯಾಂತ್ರೀಕೃತ ದೋಣಿಗಳಿಗೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ. ಅದು ದಡದಲ್ಲಿ ನಿಂತ ಗಾಳದವರಿಗೆ ಹಾಕಿದ್ದಲ್ಲ, ಆದರೂ ಆ ಎರಡು ತಿಂಗಳು ಅಳಿವೆ ಬಾಯಲ್ಲಿ ಸಿಕ್ಕಿದ ದೊಡ್ಡದನ್ನು ಮನೆಗೆ ತರಬೇಡಿ ಎಂದೇ ನಮ್ಮ ಕೋರಿಕೆ. ಸಾರಿಗೆ 1ರಿಂದ 2 ಕಿಲೋದ ಮೀನು ರುಚಿಯಲ್ಲೂ ಮೇಲು.

ಬಿಡುವುದಾದರೆ ಹೀಗೆ. ಗಾಳದ ಮುಳ್ಳಿನ ಹಿಂಬದಿಯ ಕೊಕ್ಕೆಯನ್ನು ಮೊದಲೇ ಇಕ್ಕಳದಿಂದ ಒತ್ತಿ ಮಲಗಿಸಿರಿ. ಬಿಸಿ ಬಂಡೆ, ಮರಳಿನ ಮೇಲೆ ಮೀನು ಎಳೆಯಬೇಡಿ. ಕೈ ಒದ್ದೆ ಮಾಡಿಕೊಂಡು, ಒಂದು ಕೈ ಕೆಳದವಡೆಗೆ, ಇನ್ನೊಂದು ಹೊಟ್ಟೆಯ ಕೆಳಗೆ, ಅಡ್ಡವಾಗಿ ಹಿಡಿಯಿರಿ. ಕಿವಿರೊಳಗೆ ಬೆರಳು ಹಾಕಬಾರದು, ಅದರ ಅಂಚು ನಿಮ್ಮ ಬೆರಳನ್ನೂ ಬಿಡುವುದಿಲ್ಲ. ಹರಿವಿಗೆ ಎದುರಾಗಿ ತಲೆಯಿಟ್ಟು ನೀರಿನಲ್ಲಿ ಹಿಡಿದುಕೊಳ್ಳಿ. ಬಾಲ ಬಡಿದು ನಿಮ್ಮ ಕೈ ಬಿಡಿಸಿಕೊಳ್ಳುವ ತನಕ ಬಿಡಬೇಡಿ.